ತೈಪೇಗೆ ಆಮೇಲೆ ಹೋಗು, ಮೊದಲು ಗುಡಿಯಂಗಳಕ್ಕೆ ಹೋಗು

ಪ್ರೀತಿಯ ಸಿಂಧು,

ನಿನ್ನ ಮೆಸೇಜ್ ಓದಿದೆ. ತೈವಾನಿನ ಶಿನ್‌ಚುವಿನಲ್ಲಿ ಪಿಎಚ್‌ಡಿ ಸೀಟು, ಹಾಸ್ಟೆಲ್ ರೂಮು, ಎಲ್ಲ ಸರಿಹೋಯಿತು, ಸಂತೋಷ. ಆದರೆ ನೀನು ಕಳಿಸಿದ ‘ನೋಡಬೇಕಾದ ಜಾಗಗಳ’ ಪಟ್ಟಿ ನನಗೆ ಅಷ್ಟಾಗಿ ಹಿಡಿಸಲಿಲ್ಲ. ತೈಪೇ 101, ಜ್ಯೋಫೆನ್ ಬೆಟ್ಟ, ಪಿಂಗ್‌ಶಿಯಲ್ಲಿ ಹಾರಿಬಿಡುವ ಆಕಾಶದೀಪ. ಹೋಗಬೇಡ ಅನ್ನುವುದಿಲ್ಲ. ಆದರೆ ಅವೆಲ್ಲ ಫೋಟೊ ತೆಗೆದು ಬರುವ ಜಾಗಗಳು. ಇನ್ನು ಆ ಆಕಾಶದೀಪಗಳು ಕೊನೆಗೆ ಕಾಡಿನ ಮರಗಳಿಗೆ ಸಿಕ್ಕಿಕೊಂಡು ಕಸವಾಗುತ್ತವೆ, ಅದು ಬೇರೆ ಮಾತು. ನೀನು ಅಲ್ಲಿ ವರ್ಷಗಟ್ಟಲೆ ಇರುವವಳು. ಟೂರಿಸ್ಟ್ ಥರ ಯಾಕೆ ಶುರು ಮಾಡುತ್ತೀಯಾ?

ಅಲ್ಲಿ ಕೆಲಸದಲ್ಲಿದ್ದಷ್ಟು ಕಾಲ ನಾನು ಜಾಸ್ತಿ ಕಲಿತದ್ದು ಆಫೀಸಿನಲ್ಲಲ್ಲ, ದೇವಸ್ಥಾನದ ಅಂಗಳದಲ್ಲಿ. ಶಿನ್‌ಚು ಪೇಟೆಯ ನಡುವೆ ನಗರದೇವರ ಗುಡಿ ಇದೆ, 1748ರದ್ದು. ಅಲ್ಲಿನವರು ‘ಚೆಂಗ್‌ಹುವಾಂಗ್ ಮ್ಯಾವೋ’ ಅನ್ನುತ್ತಾರೆ. ಗುಡಿಯ ಸುತ್ತ ತಿಂಡಿ ಅಂಗಡಿಗಳು ಎಷ್ಟು ಒತ್ತೊತ್ತಾಗಿವೆ ಅಂದರೆ ದೇವರು ಮಾರ್ಕೆಟ್ಟಿನೊಳಗೆ ಬಂದು ಕೂತಿದ್ದಾನೋ, ಮಾರ್ಕೆಟ್ಟೇ ದೇವರ ಮೇಲೆ ಬಂದು ಕೂತಿದೆಯೋ ಗೊತ್ತಾಗುವುದಿಲ್ಲ. ಮೊದಲ ಭಾನುವಾರವೇ ಹೋಗು.

ಊಟದ ಚಿಂತೆ ನಿನ್ನದೋ ನಿನ್ನ ಅಮ್ಮನದೋ? ಯಾರದಾದರೂ ಕೇಳು. ತೈವಾನಿನಲ್ಲಿ ಸಸ್ಯಾಹಾರಕ್ಕೆ ‘ಸು’ ಅನ್ನುತ್ತಾರೆ. ‘ವೋ ಚಿ ಸು’ ಅಂದರೆ ಸಾಕು, ನಾನು ಸಸ್ಯಾಹಾರಿ ಅಂತ ಅರ್ಥವಾಗುತ್ತದೆ. ಸಸ್ಯಾಹಾರಿ ಹೋಟೆಲಿನ ಬೋರ್ಡಿನಲ್ಲಿ ಎಷ್ಟೋ ಕಡೆ ಸ್ವಸ್ತಿಕ ಇರುತ್ತದೆ, ಬೌದ್ಧರದ್ದು, ನಮ್ಮದಕ್ಕಿಂತ ಉಲ್ಟಾ ತಿರುಗಿದ್ದು. ಪೂರ್ತಿ ಸು ಅಂದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿನ್ನ ಅಜ್ಜಿ ಕೂಡ ಧೈರ್ಯವಾಗಿ ತಿನ್ನಬಹುದು! ಪ್ಯಾಕೆಟ್ ತಿಂಡಿಗಳ ಮೇಲೂ ಇದು ಪೂರ್ತಿ ಸು, ಇದು ಹಾಲಿನದು, ಇದು ಮೊಟ್ಟೆಯದು, ಇದರಲ್ಲಿ ಬೆಳ್ಳುಳ್ಳಿ ಜಾತಿಯದಿದೆ ಅಂತ ಬೇರೆ ಬೇರೆಯಾಗಿ ಬರೆದಿರುತ್ತಾರೆ. ಆ ಅಕ್ಷರಗಳನ್ನು ಫೋನಿನಲ್ಲಿ ಇಟ್ಟುಕೋ.

ಆದರೆ ಬೀದಿ ಅಂಗಡಿಯಲ್ಲಿ ಕೇಳದೆ ತಿನ್ನಬೇಡ. ಬರೀ ಸೊಪ್ಪು ಅಂತ ಕೊಟ್ಟದ್ದರ ಮೇಲೆ ಹಂದಿಕೊಬ್ಬಿನ ಎಣ್ಣೆ ಸುರಿದಿರಬಹುದು. ಊರಿನ ಹೆಸರಾದ ತಿಂಡಿ ಮಿಫೆನ್, ಅಂದರೆ ಅಕ್ಕಿ ಶಾವಿಗೆ. ಶಿನ್‌ಚುವಿನ ಜೋರು ಗಾಳಿಯಲ್ಲೇ ಅದನ್ನು ಒಣಗಿಸುತ್ತಾರೆ. ಮೇಲೆ ಸಾಮಾನ್ಯವಾಗಿ ಹಂದಿಮಾಂಸ ಉದುರಿಸುತ್ತಾರೆ, ಬೇಡ ಅಂತ ಮೊದಲೇ ಹೇಳಬೇಕು. ಆ ನಾತದ ತೋಫು ಇದೆಯಲ್ಲ, ಅದನ್ನು ನೆನೆಸುವ ನೀರಿಗೂ ಕೆಲವರು ಸೀಗಡಿ ಹಾಕುತ್ತಾರೆ. ಐಯು ಮಾತ್ರ ಸುಮ್ನೆ ಕುಡಿ. ಒಂದು ಜಾತಿ ಅಂಜೂರದ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಸುಕಿದರೆ, ಬೆಂಕಿಯೂ ಇಲ್ಲದೆ ಜೆಲಟಿನ್ನೂ ಇಲ್ಲದೆ ನೀರು ತಾನಾಗಿ ಗಟ್ಟಿಯಾಗುತ್ತದೆ, ಅದಕ್ಕೆ ನಿಂಬೆ ಮತ್ತು ಸಕ್ಕರೆ ಪಾಕ ಹಾಕಿ ಕೊಡುತ್ತಾರೆ.

ಈಗ ನಾನು ನಿಜವಾಗಿ ಹೇಳಬೇಕಾದದ್ದು. ಯಾವುದಾದರೂ ಗುಡಿಯ ಎದುರು ತಾತ್ಕಾಲಿಕ ಸ್ಟೇಜು ಕಟ್ಟಿದ್ದು ಕಂಡರೆ ಸೈಕಲ್ ನಿಲ್ಲಿಸು. ಅಲ್ಲಿ ಗೆಝೈಶಿ ಅನ್ನುವ ಹಾಡುನಾಟಕ ಇರುತ್ತದೆ, ಇಲ್ಲವೇ ಬುದೈಶಿ ಅನ್ನುವ ಗೊಂಬೆಯಾಟ. ಟಿಕೆಟ್ ಇಲ್ಲ. ಎಷ್ಟೋ ಸಲ ಪ್ರೇಕ್ಷಕರೂ ಇಲ್ಲ. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಇಬ್ಬರು ಅಜ್ಜಿಯರು, ಆದರೂ ನಟಿಯರು ಪೂರ್ತಿ ಮೇಕಪ್ಪು, ಜರಿ ಬಟ್ಟೆ ಹಾಕಿಕೊಂಡು ಗಂಟೆಗಟ್ಟಲೆ ಹಾಡುತ್ತಿರುತ್ತಾರೆ. ಪಾಪ ಅನ್ನಬೇಡ. ಸ್ಟೇಜು ಯಾವ ಕಡೆ ಮುಖ ಮಾಡಿದೆ ನೋಡು. ಗುಡಿಯ ಕಡೆಗೆ. ಆಟ ದೇವರಿಗೆ, ಆಡಿಸುವವರು ಹರಕೆ ಹೊತ್ತವರು. ಕಟೀಲು ಮೇಳದ ಹರಕೆ ಆಟ ನೋಡಿದ ನಿನಗೆ ಇದನ್ನು ಬಿಡಿಸಿ ಹೇಳಬೇಕಾ? ಕಥೆ ಶುರುವಾಗುವ ಮೊದಲು ದೇವತೆಗಳ ವೇಷಗಳು ಬಂದು ಹರಸಿ ಹೋಗುತ್ತವೆ. ಅದನ್ನು ತಪ್ಪಿಸಿಕೊಳ್ಳಬೇಡ.

ಗೆಝೈಶಿ ಅಲ್ಲಿಯದೇ ಮಣ್ಣಿನದು. ಈಶಾನ್ಯದ ಯೀಲಾನ್ ಕಡೆ, ಜಪಾನಿಯರ ಆಳ್ವಿಕೆಯ ಕಾಲದಲ್ಲಿ ಬೆಳೆದದ್ದು. ಹಾಡುವುದು ತೈಗಿ ಅನ್ನುವ ಅಲ್ಲಿಯ ಆಡುಭಾಷೆಯಲ್ಲಿ, ನೀನು ಕ್ಲಾಸಿನಲ್ಲಿ ಕಲಿಯುವ ಮ್ಯಾಂಡರಿನ್ ಅಲ್ಲ. ಹಾಗಾಗಿ ಅರ್ಥವಾಗದಿದ್ದರೆ ಬೇಜಾರು ಬೇಡ, ಪಕ್ಕದಲ್ಲಿ ಕೂತ ಅಲ್ಲಿಯ ಹುಡುಗರಿಗೂ ಅರ್ಧವೇ ಅರ್ಥವಾಗಿರುತ್ತದೆ. ತೆಂಗಿನ ಚಿಪ್ಪಿನಿಂದ ಮಾಡಿದ ಒಂದು ಪಿಟೀಲು ಜೊತೆಗಿರುತ್ತದೆ. ಅಳುವ ಧಾಟಿ ಅಂತಲೇ ಬೇರೆ ಮಟ್ಟುಗಳಿವೆ, ನನ್ನ ಪ್ರಕಾರ ಅದಕ್ಕಾಗಿಯೇ ಹೋಗಬೇಕು. ನಾಯಕನ ಪಾತ್ರವನ್ನು ಹೆಚ್ಚಾಗಿ ಹೆಂಗಸರೇ ಮಾಡುತ್ತಾರೆ. ಟಿವಿಯಲ್ಲಿ ಮನೆಮಾತಾದ ಯಾಂಗ್ ಲಿ-ಹುವಾ ಹೆಸರಾದದ್ದೂ ಗಂಡು ಪಾತ್ರಗಳಿಂದಲೇ.

ಗೊಂಬೆಯಾಟದ ಕಥೆ ಇನ್ನೂ ಮಜಾ. ತೋರುಬೆರಳು ತಲೆಯೊಳಗೆ, ಹೆಬ್ಬೆರಳು ಮತ್ತು ಮಧ್ಯದ ಬೆರಳು ಕೈಗಳಿಗೆ, ಅಷ್ಟರಲ್ಲೇ ಗೊಂಬೆ ಬೀಸಣಿಗೆ ಬಿಡಿಸುತ್ತದೆ, ಕಿಟಕಿಯಿಂದ ಹಾರುತ್ತದೆ. 1970ರಲ್ಲಿ ಹುವಾಂಗ್ ಜುನ್-ಶ್ಯುಂಗ್ ಇದನ್ನು ಟಿವಿಗೆ ತಂದಾಗ ಜನ ಕೆಲಸ ಬಿಟ್ಟು ನೋಡಿದರು, 1974ರಲ್ಲಿ ಸರ್ಕಾರ ನಿಲ್ಲಿಸಿಬಿಟ್ಟಿತು. ಅದಕ್ಕೂ ಮೊದಲು, 1937ರ ನಂತರ, ಜಪಾನಿಯರು ಬಯಲಿನ ಆಟಗಳನ್ನೇ ಅದುಮಿದ್ದರು. ಇಷ್ಟೆಲ್ಲ ಆದಮೇಲೂ ಗುಡಿಯೆದುರು ಇನ್ನೂ ಆಡುತ್ತಿದ್ದಾರೆ ಅಲ್ವಾ.

ಚೀನಾದಿಂದ ಬಂದ ಕಲೆಯನ್ನೂ ನೋಡು, ಆದರೆ ಎರಡನ್ನೂ ಒಂದೇ ಅನ್ನಬೇಡ. ಪೀಕಿಂಗ್ ಆಪೆರಾ ದ್ವೀಪದಲ್ಲಿ ನೆಲೆಯೂರಿದ್ದು ಬಹುಮಟ್ಟಿಗೆ 1949ರ ಸುಮಾರಿಗೆ ಬಂದ ಸೈನಿಕರು, ಅಧಿಕಾರಿಗಳ ಜೊತೆ. ಸರ್ಕಾರ ಅದನ್ನೇ ದಶಕಗಟ್ಟಲೆ ‘ರಾಷ್ಟ್ರೀಯ ನಾಟಕ’ ಅಂತ ಕರೆಯಿತು. ಊರಿನ ಹಳಬರಿಗೆ ಆ ಅಸಮಾಧಾನ ಈಗಲೂ ಸ್ವಲ್ಪ ಇದೆ. ನೀನು ಬಾಯಿ ಹಾಕಬೇಡ, ಸುಮ್ನೆ ಕೇಳು. 1995ರಲ್ಲಿ ಶುರುವಾದ ಗುವೊಗ್ವಾಂಗ್ ಅನ್ನುವ ಪೀಕಿಂಗ್ ಆಪೆರಾ ತಂಡದ ಪ್ರದರ್ಶನ ಇಂಗ್ಲಿಷ್ ಸಬ್‌ಟೈಟಲ್ ಜೊತೆ ಸಿಕ್ಕರೆ ಟಿಕೆಟ್ ತಗೋ, ದುಡ್ಡು ಕಡಿಮೆ ಬಿದ್ದರೆ ನನಗೆ ಹೇಳು. ತೈಪೇಯ ಅರಮನೆ ಮ್ಯೂಸಿಯಮ್ಮಿಗೂ ಹೋಗು. ಅಲ್ಲಿರುವ ಜೇಡ್ ಕಲ್ಲಿನ ಎಲೆಕೋಸಿನ ಮುಂದೆ ಯಾವಾಗಲೂ ಕ್ಯೂ. ನಾನಾದರೆ ಅದನ್ನು ಬಿಟ್ಟು ಪಿಂಗಾಣಿ ನೋಡುತ್ತೇನೆ.

ಶಿನ್‌ಚು ಸುತ್ತಮುತ್ತ ಹಕ್ಕಾ ಅನ್ನುವ, ತಮ್ಮದೇ ಭಾಷೆ ಇರುವ ಜನ ಜಾಸ್ತಿ. ಬೇಪು ಊರಿಗೆ ಹೋದರೆ ಟೀ ಎಲೆ, ಎಳ್ಳು, ಕಡಲೆಕಾಯಿಯನ್ನು ನೀನೇ ಅರೆದು ಲೇಯ್‌ಚಾ ಮಾಡಿಕೊಂಡು ಕುಡಿಯಬಹುದು. ಅಲ್ಲಿಯೇ ಬೆಳೆಯುವ ಇನ್ನೊಂದು ಟೀ ಇದೆ, ಬೇಸಿಗೆಯಲ್ಲಿ ಒಂದು ಸಣ್ಣ ಹಸಿರು ಹುಳ ಎಲೆಯ ರಸ ಹೀರಿದರೆ ಮಾತ್ರ ಅದಕ್ಕೆ ಜೇನಿನ ಪರಿಮಳ ಬರುತ್ತದೆ, ಹಾಗಾಗಿ ಬೆಳೆಗಾರರು ಔಷಧಿ ಹೊಡೆಯುವ ಹಾಗಿಲ್ಲ. ಬೆಲೆ ಕೇಳಿ ಹೌಹಾರಬೇಡ. ಅಲ್ಲಿಯ ಚಾಂದ್ರಮಾನದ ಏಳನೇ ತಿಂಗಳ ಇಪ್ಪತ್ತಕ್ಕೆ ಶಿನ್‌ಪುವಿನ ಯೀಮಿನ್ ಗುಡಿಯಲ್ಲಿ ದೊಡ್ಡ ಜಾತ್ರೆ. ಒಂದು ಎಚ್ಚರಿಕೆ: ದೈತ್ಯ ಹಂದಿಗಳನ್ನು ಕೊಂದು ಅಲಂಕರಿಸಿ ಸಾಲಾಗಿ ಇಟ್ಟಿರುತ್ತಾರೆ. ಹೊಟ್ಟೆ ತೊಳಸುತ್ತದೆ ಅನಿಸಿದರೆ ಆ ಕಡೆ ಹೋಗಬೇಡ, ಆದರೆ ಮುಖ ಸಿಂಡರಿಸಬೇಡ. ಅದು ಊರಿಗಾಗಿ ಸತ್ತವರ ಹೆಸರಿನಲ್ಲಿ ಇಡುವ ಎಡೆ. ಆ ತಿಂಗಳು ಪೂರ್ತಿ ಅಂಗಡಿ, ಆಫೀಸುಗಳ ಮುಂದೆ ಮೇಜಿನ ಮೇಲೆ ಊದುಬತ್ತಿ ಚುಚ್ಚಿದ ಬಿಸ್ಕೆಟ್ಟು, ಹಣ್ಣು ಕಾಣುತ್ತವೆ. ಮುಟ್ಟಬೇಡ, ಪೂಜೆ ಮುಗಿದ ಮೇಲೆ ಅವರೇ ಕರೆದು ಕೊಡುತ್ತಾರೆ.

ವಸಂತದಲ್ಲಿ ಸಮುದ್ರದ ದೇವಿ ಮಾಝುವಿನ ಯಾತ್ರೆಗಳು ಹೊರಡುತ್ತವೆ. ದಾಜ್ಯಾದ್ದು ಒಂಬತ್ತು ದಿನ, ಸುಮಾರು 340 ಕಿಲೋಮೀಟರ್. ನಾನು ಹೇಳುವುದು ಪಕ್ಕದ ಮ್ಯಾವೋಲಿಯಿಂದ ಹೊರಡುವ ಬೈಶಾತುನ್ ಮಾಝು. ಅದಕ್ಕೆ ಗೊತ್ತಾದ ದಾರಿಯೇ ಇಲ್ಲ, ಪಲ್ಲಕ್ಕಿ ಯಾವ ಕಡೆ ಎಳೆಯುತ್ತದೋ ಆ ಕಡೆ ಜನ. ಪೂರ್ತಿ ನಡೆಯಬೇಕಿಲ್ಲ, ಒಂದು ದಿನ ಸೇರಿಕೋ. ದಾರಿಯುದ್ದಕ್ಕೂ ಮನೆಯವರು ಊಟ, ನೀರು, ಹಣ್ಣು ಪುಕ್ಕಟೆ ಕೊಡುತ್ತಾರೆ, ಸು ಊಟವೂ ಸಿಗುತ್ತದೆ. ಬೇಡ ಬೇಡ ಅನ್ನಬೇಡ, ತಗೊಂಡು ತಿನ್ನು.

ಪಟಾಕಿ ಜಾಸ್ತಿ, ಕಿವಿಗೆ ಹತ್ತಿ ಇಟ್ಟುಕೋ. ಹಳೆಯ ಶೂ ಹಾಕಿಕೋ. ಇವೆಲ್ಲ ನಡೆಯುವುದು ಅಲ್ಲಿಯ ಚಾಂದ್ರಮಾನದ ಲೆಕ್ಕದಲ್ಲಿ, ನಿನ್ನ ಕಾಲೇಜಿನ ಕ್ಯಾಲೆಂಡರಿನಲ್ಲಿ ಕಾಣುವುದಿಲ್ಲ. ಆ ತಿಥಿ ತೋರಿಸುವ ಆ್ಯಪ್ ಈಗಲೇ ಹಾಕಿಕೋ. ಊಟದ ವಿಷಯ ನಿನ್ನ ಅಮ್ಮನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಹಂದಿಯ ವಿಷಯ ಹೇಳುವುದಿಲ್ಲ.

ನಿನ್ನ ಮಾವ