ಅಪ್ಪನಿಗೆ ಕಾರಿನ ಲೆಕ್ಕ

ಎಡಿಸನ್, ನ್ಯೂಜೆರ್ಸಿ
12 ಫೆಬ್ರವರಿ 2023

ತೀರ್ಥರೂಪು ಅಪ್ಪನವರಿಗೆ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಪುಟ್ಟಿಗೆ ಶೀತ ವಾಸಿಯಾಗಿದೆ. ಮೊನ್ನೆ ಫೋನಿನಲ್ಲಿ "ಅಷ್ಟೊಂದು ನಂಬರ್ ತಲೆಗೆ ಹೋಗಲ್ಲ, ಬರೆದು ಕಳಿಸು" ಅಂದಿರಲ್ಲ, ಅದಕ್ಕೇ ಈ ಕಾಗದ. ನಾವು ಇಲ್ಲಿ ಕೊಳ್ಳಬೇಕೆಂದಿರುವ ಎಲೆಕ್ಟ್ರಿಕ್ ಕಾರು, ನೀವು ಅಲ್ಲಿ ನೋಡುತ್ತಿರುವ ಎಲೆಕ್ಟ್ರಿಕ್ ನೆಕ್ಸಾನ್, ಎರಡರ ಲೆಕ್ಕವೂ ಇದರಲ್ಲಿದೆ. ಅಮ್ಮನಿಗೆ ಬೇಜಾರಾದರೆ ಕೊನೆಯ ಎರಡು ಸಾಲು ಮಾತ್ರ ಓದಿ ಹೇಳಿ.

ಮೊದಲು ಇಲ್ಲಿನ ಕಥೆ. ಕಳೆದ ತಿಂಗಳು 13ನೇ ತಾರೀಖಿನ ಹೊತ್ತಿಗೆ ಟೆಸ್ಲಾದವರು ಅಮೆರಿಕದಲ್ಲಿ ಬೆಲೆ ಇಳಿಸಿದರು. ನಾವು ನೋಡುತ್ತಿದ್ದ ಮಾಡೆಲ್ ವೈ ಲಾಂಗ್ ರೇಂಜ್ 65,990 ಡಾಲರ್ ಇದ್ದದ್ದು ರಾತ್ರೋರಾತ್ರಿ 52,990 ಆಯಿತು. ರೂಪಾಯಿಯಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಇಳಿತ. ನಮ್ಮ ಮೇಲಿನ ಪ್ರೀತಿಯಿಂದ ಇಳಿಸಿದ್ದಲ್ಲ ಬಿಡಿ. ಈ ವರ್ಷದಿಂದ ಇಲ್ಲಿನ ಕೇಂದ್ರ ಸರ್ಕಾರ ಇಂಥ ಎಲೆಕ್ಟ್ರಿಕ್ ಕಾರಿಗೆ 7,500 ಡಾಲರ್ ತೆರಿಗೆ ರಿಯಾಯಿತಿ ಕೊಡುತ್ತಿದೆ. ಸಾಧಾರಣ ಕಾರಾದರೆ ಬೆಲೆ 55,000 ಡಾಲರ್ ದಾಟಬಾರದು, ಎಸ್‌ಯುವಿ ಆದರೆ 80,000. ತಮಾಷೆ ಏನು ಗೊತ್ತಾ? ಏಳು ಸೀಟಿನ ಮಾಡೆಲ್ ವೈ ಎಸ್‌ಯುವಿಯಂತೆ, ಐದು ಸೀಟಿನದು ಬರೀ ಕಾರಂತೆ! ಬೆಲೆ ಇಳಿದ ಮೇಲೆ ಐದು ಸೀಟಿನದೂ ಮಿತಿಯೊಳಗೆ ಬಂತು. ಫೆಬ್ರವರಿ 3ಕ್ಕೆ ಸರ್ಕಾರವೇ ನಿಯಮ ಬದಲಿಸಿ ಅದನ್ನೂ ಎಸ್‌ಯುವಿ ಎಂದು ಒಪ್ಪಿಕೊಂಡಿತು. ಒಪ್ಪಿದ್ದೇ ತಡ, ಬೆಲೆ ಮತ್ತೆ ಸ್ವಲ್ಪ ಏರಿ ಈಗ 55,000ದ ಹತ್ತಿರ ನಿಂತಿದೆ. ಸಂತೆಯಲ್ಲಿ ಟೊಮೇಟೊ ರೇಟ್ ಕೇಳಿದ ಹಾಗೆ ದಿನಾ ನೋಡಬೇಕು.

ಫೋರ್ಡ್‌ನವರೂ ತಿಂಗಳ ಕೊನೆಗೆ ಮಸ್ಟಾಂಗ್ ಮಾಕ್-ಇ ಬೆಲೆ ಇಳಿಸಿದರು. ಚೀನಾದಲ್ಲಂತೂ ಜನವರಿ 6ಕ್ಕೆ ಟೆಸ್ಲಾ ಬೆಲೆ ಇಳಿದಾಗ, ಅದಕ್ಕೆ ಸ್ವಲ್ಪ ಮುಂಚೆ ಕೊಂಡವರು ಶೋರೂಮಿಗೇ ಹೋಗಿ ಗಲಾಟೆ ಮಾಡಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಸದರ ಬೆಲೆ ಬಿದ್ದರೆ ಹಳೆಯದರ ಬೆಲೆಯೂ ಅದರ ಹಿಂದೆಯೇ ಬೀಳುತ್ತದೆ. ಮೂರು ವರ್ಷಕ್ಕೆ ಮಾರಿ ಬೇರೆ ಕೊಳ್ಳುವವರಿಗೆ ಇದು ದೊಡ್ಡ ಪೆಟ್ಟು. ಸಾಲದಲ್ಲಿ ಕೊಂಡಿದ್ದರೆ ಕೆಲವೊಮ್ಮೆ ಕಾರಿನ ಬೆಲೆಗಿಂತ ಸಾಲವೇ ಜಾಸ್ತಿ ಉಳಿದುಬಿಡುತ್ತದೆ. ನಾವು ನಿಮ್ಮ ಹಾಗೆ, ಗಾಡಿ ಕೈ ಕೊಡುವವರೆಗೂ ಬಿಡುವವರಲ್ಲ. ಹಾಗಾಗಿ ನನಗೆ ಆ ಭಯ ಅಷ್ಟಿಲ್ಲ.

ನನಗೆ ಚಿಂತೆ ಆದದ್ದು ಬೇರೆ ಲೆಕ್ಕದಿಂದ. ನೀವು ಕೆಇಬಿಯಲ್ಲಿ ಇದ್ದವರು, ಯೂನಿಟ್ಟಿನಲ್ಲೇ ಹೇಳುತ್ತೇನೆ. ಈ ಕಾರಿಗೆ 100 ಮೈಲಿಗೆ ಸುಮಾರು 28 ಯೂನಿಟ್ ಬೇಕು. ವರ್ಷಕ್ಕೆ 12,000 ಮೈಲಿ ಓಡಿಸಿದರೆ 3,360 ಯೂನಿಟ್. ನಮ್ಮ ಬಿಲ್ಲಿನಲ್ಲಿ ಯೂನಿಟ್ಟಿಗೆ 17 ಸೆಂಟ್ ಅಂತ ಹಿಡಿದರೆ 570 ಡಾಲರ್ ಚಿಲ್ಲರೆ. ಅಷ್ಟೇ ದೂರಕ್ಕೆ ಗ್ಯಾಲನ್ನಿಗೆ 30 ಮೈಲಿ ಕೊಡುವ ಪೆಟ್ರೋಲ್ ಗಾಡಿಗೆ 1,300ರ ಮೇಲಾಗುತ್ತದೆ. 750 ಉಳಿಯಿತು ಅಂತ ಖುಷಿಪಟ್ಟೆವು. ಆಮೇಲೆ ಇನ್ಶೂರೆನ್ಸ್‌ನವರನ್ನು ಕೇಳಿದರೆ ಈಗ ಕಟ್ಟುವುದಕ್ಕಿಂತ ವರ್ಷಕ್ಕೆ 600 ಜಾಸ್ತಿ ಅಂದರು! ಎರಡು ಟನ್ ತೂಕದ ಗಾಡಿ, ಟೈರೂ ಬೇಗ ಸವೆಯುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿಕೊಂಡು ಓಡಿಸಿದರೆ ಒಂದು ಚಾರ್ಜಿಗೆ 330 ಮೈಲಿ ಓಡುತ್ತದೆ ಅಂತ ಹೇಳುವ ರೇಂಜಿನಲ್ಲಿ ಕಾಲು ಭಾಗ ಹೋಯಿತು ಅಂತಲೇ ಇಟ್ಟುಕೊಳ್ಳಬೇಕು. ಮೊದಲೆಲ್ಲ ಕಾರಿನ ಜೊತೆಗೇ ಬರುತ್ತಿದ್ದ ಚಾರ್ಜರನ್ನು ಹೋದ ವರ್ಷದಿಂದ ಬೇರೆಯಾಗಿ ಕೊಳ್ಳಬೇಕು.

ಆದರೂ ತೆಗೆದುಕೊಳ್ಳೋಣ ಅಂತಲೇ ಇದ್ದೇವೆ. ನಿಮ್ಮ ಸೊಸೆಗೆ ಆಫೀಸಿಗೆ ಹೇಗೂ ಇನ್ನೊಂದು ಗಾಡಿ ಬೇಕು. ನ್ಯೂಜೆರ್ಸಿಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಮಾರಾಟ ತೆರಿಗೆ ಇಲ್ಲ, ಅದೇ 3,500 ಡಾಲರ್ ಉಳಿತಾಯ. ಗ್ಯಾರೇಜಿನಲ್ಲಿ 240 ವೋಲ್ಟಿನ ಲೈನ್ ಎಳೆಸಿಕೊಂಡರೆ ರಾತ್ರಿ ಹಾಕಿ ಬೆಳಿಗ್ಗೆ ತೆಗೆಯಬಹುದು. ಬಾಡಿಗೆ ಅಪಾರ್ಟ್‌ಮೆಂಟಿನಲ್ಲೇ ಇದ್ದಿದ್ದರೆ ನಾನು ಇದರ ಸುದ್ದಿಗೇ ಹೋಗುತ್ತಿರಲಿಲ್ಲ.

ಈಗ ನಿಮ್ಮ ನೆಕ್ಸಾನ್ ವಿಷಯ. ಅಲ್ಲೂ ಅದೇ ತಿಂಗಳು ಬೆಲೆ ಇಳಿದದ್ದು ಮಹೀಂದ್ರದವರ ಎಲೆಕ್ಟ್ರಿಕ್ ಕಾರು ಎಕ್ಸ್‌ಯುವಿ400 ಬಂದ ಕಾರಣಕ್ಕೇ ಅಂತ ನನ್ನ ಲೆಕ್ಕ. ಅವರು 15.99 ಲಕ್ಷ ಅಂದರು, ಎರಡೇ ದಿನಕ್ಕೆ ಟಾಟಾದವರು ನೆಕ್ಸಾನಿನ ಚಿಕ್ಕ ಬ್ಯಾಟರಿಯ ಪ್ರೈಮ್ 14.49ರಿಂದ, ದೊಡ್ಡ ಬ್ಯಾಟರಿಯ ಮ್ಯಾಕ್ಸ್ 16.49ರಿಂದ ಶುರು ಅಂದರು. ಆದರೆ ನಿಮಗೆ ನಿಜವಾದ ಲಾಭ ಈ ಇಳಿತದಲ್ಲಿ ಇಲ್ಲ. ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್ ಕಾರಿಗೆ ನಮ್ಮಲ್ಲಿ 17 ಪರ್ಸೆಂಟ್ ರೋಡ್ ಟ್ಯಾಕ್ಸ್. ಎಲೆಕ್ಟ್ರಿಕ್‌ಗೆ ಅದು ಪೂರ್ತಿ ಮಾಫಿ. 15 ಲಕ್ಷದ ಗಾಡಿಗೆ ಎರಡೂವರೆ ಲಕ್ಷ ಅಲ್ಲೇ ಉಳಿಯಿತಲ್ಲ. ಸಾಲ ಮಾಡಿದರೆ ಬಡ್ಡಿಗೆ 1.5 ಲಕ್ಷದವರೆಗೆ ಇನ್‌ಕಮ್ ಟ್ಯಾಕ್ಸಿನಲ್ಲಿ ವಿನಾಯಿತಿಯೂ ಇದೆ, ಸಾಲ ಮಾರ್ಚ್ 31ರೊಳಗೆ ಮಂಜೂರಾಗಿರಬೇಕು. ಅದಕ್ಕೋಸ್ಕರ ಸಾಲ ಮಾಡುವವರಲ್ಲ ನೀವು, ಸುಮ್ನೆ ಹೇಳಿದೆ.

ಪ್ರೈಮೋ ಮ್ಯಾಕ್ಸೋ ಅನ್ನುವುದು ನೀವು ಎಲ್ಲಿಗೆ ಓಡಾಡುತ್ತೀರಿ ಅನ್ನುವುದರ ಮೇಲೆ ಇದೆ. ಹಾಸನದ ಒಳಗೆ, ತೋಟಕ್ಕೆ, ವಾರಕ್ಕೊಮ್ಮೆ ಸಕಲೇಶಪುರಕ್ಕೆ ಅಂದರೆ ಪ್ರೈಮ್ ಧಾರಾಳ ಸಾಕು. ಒಂದು ಚಾರ್ಜಿಗೆ 312 ಕಿಲೋಮೀಟರ್ ಅಂತಾರೆ, ನೀವು 200 ಅಂತ ಇಟ್ಟುಕೊಳ್ಳಿ. ಆದರೆ ಬೆಂಗಳೂರು 185 ಕಿಲೋಮೀಟರ್. ಪ್ರೈಮ್ ಆದರೆ ನೆಲಮಂಗಲ ದಾಟುವಾಗ ಚಾರ್ಜ್ ಮುಗಿಯುತ್ತಾ ಬಂದು ಅಮ್ಮ ದೇವರ ನಾಮ ಶುರು ಮಾಡುತ್ತಾರೆ. ಮ್ಯಾಕ್ಸ್ ಆದರೆ ನೆಮ್ಮದಿಯಾಗಿ ಹೋಗಬಹುದು, ವಾಪಸ್ ಬರಲು ಮಾತ್ರ ಚಾರ್ಜ್ ಬೇಕೇ ಬೇಕು. ತಮ್ಮನ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರು ಪಾರ್ಕಿಂಗಿನಲ್ಲಿ ಪಾಯಿಂಟ್ ಹಾಕಲು ಬಿಡುತ್ತಾರಾ ಅಂತ ಬುಕ್ ಮಾಡುವ ಮುಂಚೆಯೇ ಕೇಳಿ. ಧರ್ಮಸ್ಥಳಕ್ಕೆ ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿ ತುಸು ತುಂಬುತ್ತದೆ. ವಾಪಸ್ ಹತ್ತುವಾಗ ಅದಕ್ಕಿಂತ ಜಾಸ್ತಿ ತಿನ್ನುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ನಿಮ್ಮ ಓಡಾಟಕ್ಕೆ ವರ್ಷವೇ ಮೊದಲು ಮುಗಿಯುತ್ತದೆ.

ಇನ್ನೊಂದು. ಮನೆಯ 15 ಆಂಪ್ ಪಾಯಿಂಟಿನಿಂದ ಚಾರ್ಜ್ ಆಗುತ್ತದೆ ನಿಜ, ಆದರೆ ನಮ್ಮ ಮನೆಯ ವೈರಿಂಗ್ ನನ್ನ ಹೈಸ್ಕೂಲ್ ಕಾಲದ್ದು. ರಾತ್ರಿಯಿಡೀ ಆ ಲೋಡ್ ಎಳೆದರೆ ಬಿಸಿಯಾಗುತ್ತದೆ. ಶೆಡ್ಡಿಗೆ ಬೇರೆ ಲೈನ್ ಎಳೆಸಿ, ಅರ್ತಿಂಗ್ ಗುಂಡಿ ನೀವೇ ನಿಂತು ಮಾಡಿಸಿ. ಮೀಟರ್ ಬೋರ್ಡಿನ ಫೋಟೋ, ಕಳೆದ ತಿಂಗಳ ಬಿಲ್ಲು ಎರಡನ್ನೂ ವಾಟ್ಸಾಪ್ ಮಾಡಿ, ಮಂಜೂರಾದ ಲೋಡ್ ಎಷ್ಟಿದೆ ನೋಡೋಣ. ಹಳೇ ಮಾರುತಿಯನ್ನು ಎಕ್ಸ್‌ಚೇಂಜ್‌ಗೆ ಈಗಲೇ ಕೊಡಬೇಡಿ, ಬೆಂಗಳೂರಿಗೆ ಒಂದು ವರ್ಷ ಅದೇ ಇರಲಿ.

ಅಮ್ಮನಿಗೆ: ಹೊಸ ಕಾರು ಬಂದರೆ ಮೊದಲು ದೇವಸ್ಥಾನಕ್ಕೆ ನೀವೇ ಮುಂದಿನ ಸೀಟಿನಲ್ಲಿ ಕೂತು ಹೋಗಬೇಕು. ಪುಟ್ಟಿಯ ಆರ್ಡರ್, ಬಣ್ಣ ನೀಲಿಯೇ ಆಗಬೇಕಂತೆ.

ಇತಿ,
ನಿಮ್ಮ ಆಶೀರ್ವಾದ ಬೇಡುವ ಮಗ