ಮುಂದಿನ ತಿಂಗಳಿನ ಹೊಸ ದರ, ಮತ್ತು ನಾವು ವಾಪಸ್ ಕೊಡಬೇಕಾದ ಹಣ

ನಮ್ಮ ಎಲ್ಲ ಬರಹಗಾರರಿಗೆ ಶರಣು ಶರಣಾರ್ಥಿ.

ಹೋದ ವಾರ ವಾಟ್ಸಾಪ್‌ನಲ್ಲಿ ಹಸ್ತಪ್ರತಿ ತಿದ್ದುವ ಹೊಸ ದರ ಕಳಿಸಿದಾಗಿನಿಂದ ಫೋನಿಗೆ ಬಿಡುವಿಲ್ಲ. ಇಬ್ಬರು ಸಿಟ್ಟಿನಲ್ಲೇ ಬಂದು ಹಸ್ತಪ್ರತಿ ವಾಪಸ್ ತಗೊಂಡು ಹೋದರು. ಮೊದಲು ಕಾರಣ ಹೇಳಿ ಆಮೇಲೆ ದರ ಹೇಳಬೇಕಿತ್ತು. ಅದು ನಮ್ಮ ತಪ್ಪು, ಕ್ಷಮಿಸಿ. ಕಲಬುರಗಿಯ ಸೂಪರ್ ಮಾರ್ಕೆಟ್‌ನ ಮಾಳಿಗೆ ಕೋಣೆಯ ಕಾಲದಿಂದ ಜೊತೆಗಿರುವ ನಿಮಗೆ ನಮ್ಮ ಪರಿಚಯ ಮತ್ತೆ ಮಾಡಿಕೊಡಬೇಕಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಇಲ್ಲಿಯವರೆಗೆ ತಿದ್ದುವುದಕ್ಕೆ ಪುಟಕ್ಕೆ 20 ರೂಪಾಯಿ ತಗೊಳ್ಳುತ್ತಿದ್ದೆವು. ಒಂದನೇ ತಾರೀಖಿನಿಂದ ಪದಕ್ಕೆ 12 ಪೈಸೆ. 40,000 ಪದದ ಕಾದಂಬರಿಗೆ ಮೊದಲು ಸುಮಾರು 3,200 ಆಗುತ್ತಿತ್ತು, ಇನ್ನು 4,800 ಆಗುತ್ತದೆ. ಜಾಸ್ತಿ ಆಗಿದೆ, ಮುಚ್ಚಿಡುವುದಿಲ್ಲ. ಹಳೆಯ ದರ 2020ರ ಫೆಬ್ರುವರಿಯಲ್ಲಿ ನಮ್ಮೂರಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆದಾಗ ಇಟ್ಟಿದ್ದು. ಅಲ್ಲಿಂದ ಇಲ್ಲಿಗೆ ಕೋಣೆಯ ಬಾಡಿಗೆ, ಟೋನರ್, ಕೊರಿಯರ್ ಎಲ್ಲ ಏರಿತು, ನಾವು ಮಾತ್ರ ಏರಿಸಲಿಲ್ಲ. ಪದದ ಲೆಕ್ಕ ಯಾಕೆ ಅಂದರೆ, ಅಕ್ಷರ ಸಣ್ಣ ಮಾಡಿ, ಸಾಲು ಒತ್ತೊತ್ತಾಗಿಸಿ, ಒಂದೇ ಪುಟದಲ್ಲಿ 400 ಪದ ತುಂಬಿ ತರುವವರಿದ್ದಾರೆ. ದೊಡ್ಡ ಅಕ್ಷರದಲ್ಲಿ ಪ್ರಾಮಾಣಿಕವಾಗಿ ತರುವವರು ಅದೇ ಕತೆಗೆ ಜಾಸ್ತಿ ಕೊಡಬೇಕಾಗುತ್ತಿತ್ತು. ಅದು ಸರಿಯಲ್ಲ ಅಲ್ವಾ?

ಎಲ್ಲರೂ ಕೇಳಿದ್ದು ಒಂದೇ ಮಾತು: "ಬರೀ ಕಾಗುಣಿತ ತಿದ್ದೋಕೆ ಇಷ್ಟು ದುಡ್ಡಾ? ಈಗ ಮೊಬೈಲೇ ಫ್ರೀಯಾಗಿ ತಿದ್ದಿ ಕೊಡುತ್ತಲ್ಲ." ಈ ಮಾತು ನಮ್ಮಲ್ಲಿ ತಿದ್ದುವ ಹುಡುಗಿಯರಿಗೆ ತುಂಬಾ ನೋವು ಮಾಡಿದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಉತ್ತರ ಕೊಡುತ್ತೇನೆ.

ಹಸ್ತಪ್ರತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು "ನುಡಿ", "ಬರಹ" ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೆಯ ಆವೃತ್ತಿಯಲ್ಲಿ ಟೈಪ್ ಆಗಿ ಬರುತ್ತವೆ. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ತಿರುಗಿಸಿದರೆ ಒತ್ತಕ್ಷರ ಅಲ್ಲಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಇನ್ನು ಕೆಲವರು ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಒತ್ತಿರುತ್ತಾರೆ. "ಸೂರ್ಯ" ಹೋಗಿ "ಸೂಯ೯" ಆಗಿರುತ್ತದೆ. ಅಂ ಸೊನ್ನೆಗೆ ಇಂಗ್ಲಿಷ್ ಸೊನ್ನೆ ಹಾಕಿ "ಅ0ಗಡಿ" ಅಂತ ಬರೆದಿರುತ್ತಾರೆ. ನೋಡಲು ಸರಿಯಾಗಿಯೇ ಕಾಣುತ್ತದೆ. ಅಚ್ಚಿನ ಫಾಂಟ್ ಬದಲಾದ ಕೂಡಲೇ ಬಣ್ಣ ಬಯಲಾಗುತ್ತದೆ. ಇದನ್ನು ಸರಿಮಾಡಲಿಕ್ಕೇ ಮೊದಲ ಎರಡು ದಿನ ಹೋಗುತ್ತದೆ, ಆಗಿನ್ನೂ ಕತೆ ಓದಲು ಶುರುವೇ ಮಾಡಿರುವುದಿಲ್ಲ.

ಆಮೇಲೆ ಮೂರು ಸಲ ಓದುತ್ತೇವೆ. ಹೋದ ವರ್ಷ ಆಳಂದ ಕಡೆಯ ಒಬ್ಬರು ಕಾದಂಬರಿ ತಂದರು. ಅದರಲ್ಲಿ ಅಪ್ಪ ಶ್ರಾವಣದಲ್ಲಿ ತೊಗರಿ ರಾಶಿ ಮಾಡಿಸಿ, ಗಂಜ್ ಮಾರುಕಟ್ಟೆಯಲ್ಲಿ ಮಾರಿ, ಆ ದುಡ್ಡಿನಲ್ಲಿ ಮಗಳ ಮದುವೆ ಮಾಡುತ್ತಾನೆ. ನಮ್ಮ ಕಡೆ ತೊಗರಿ ಬಿತ್ತುವುದೇ ಜೂನ್, ಜುಲೈನಲ್ಲಿ. ರಾಶಿ ಡಿಸೆಂಬರ್, ಜನವರಿಗೆ. ಶ್ರಾವಣಕ್ಕೆ ಗಿಡ ಮೊಣಕಾಲುದ್ದ ಇದ್ದರೆ ಹೆಚ್ಚು. ತೊಗರಿ ಕಣಜ ಅಂತ ಹೆಸರಾದ ಜಿಲ್ಲೆಯ ಕಾದಂಬರಿಯಲ್ಲಿ ಈ ತಪ್ಪು ಅಚ್ಚಾಗಿದ್ದರೆ ಓದುಗರು ಎರಡನೇ ಅಧ್ಯಾಯದಲ್ಲೇ ಪುಸ್ತಕ ಮುಚ್ಚಿಡುತ್ತಿದ್ದರು. ಮದುವೆಯನ್ನು ಸಂಕ್ರಾಂತಿಯ ಆಚೆಗೆ ಒಯ್ಯಬೇಕಾಯಿತು, ಅದರ ಹಿಂದೆಯೇ ಸಾಲ, ಜಗಳ, ಮಳೆಯ ದೃಶ್ಯ ಎಲ್ಲವೂ ಜಾಗ ಬದಲಿಸಿದವು. ಲೇಖಕರು ನಮ್ಮ ಮುಂದೆ ಕೂತೇ ಹನ್ನೊಂದು ಪುಟ ಹೊಸದಾಗಿ ಬರೆದರು. ಈಗ ಅದೇ ಆ ಪುಸ್ತಕದ ಅತಿ ಚೆಂದದ ಭಾಗ.

ಅದೇ ಕಾದಂಬರಿಯ ಅಜ್ಜಿ ಮೊದಲು "ಎಲ್ಲಿಗಿ ಹೊಂಟಿದಿ?" ಅನ್ನುತ್ತಾಳೆ. ಐದನೇ ಅಧ್ಯಾಯಕ್ಕೆ ಬಂದರೆ ಅವಳೇ "ಎಲ್ಲಿಗೆ ಹೊರಟಿದ್ದೀಯ?" ಅಂತ ಕೇಳುತ್ತಾಳೆ. ಮೊಬೈಲಿಗೆ ಕೊಟ್ಟರೆ ಮೊದಲನೆಯದನ್ನು ತಪ್ಪು ಅಂತ ತಿದ್ದುತ್ತದೆ. ನಾವು ತಿದ್ದಿದ್ದು ಎರಡನೆಯದನ್ನು. ನಮ್ಮ ಮಾತನ್ನು ಬೆಂಗಳೂರು ಮಾತು ಮಾಡುವುದು ನಮ್ಮ ಕೆಲಸವಲ್ಲ. ಅಜ್ಜಿ ಕೊನೆಯವರೆಗೂ ನಮ್ಮೂರ ಅಜ್ಜಿಯಾಗಿಯೇ ಇರಬೇಕು. 1985ರ ಕತೆಯಲ್ಲಿ ಸರ್ಕಾರಿ ಕಾಗದದ ಮೇಲೆ "ಕಲಬುರಗಿ ಜಿಲ್ಲೆ" ಅಂತ ಬಂದರೂ ನಿಲ್ಲಿಸಿ ಕೇಳುತ್ತೇವೆ, ಯಾಕೆಂದರೆ ಆ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಇದಕ್ಕೆ ಕಾಗುಣಿತ ತಿದ್ದುವುದು ಅಂತ ಹೆಸರಿಡಬೇಡಿ, ದಯವಿಟ್ಟು.

ಇನ್ನೊಂದು ಗಾಳಿಮಾತು, ಪುಸ್ತಕದ ಗುರುತಿನ ಸಂಖ್ಯೆಗೆ, ಅಂದರೆ ಐಎಸ್‌ಬಿಎನ್‌ಗೆ, ನಾವು ದುಡ್ಡು ತಿನ್ನುತ್ತೇವೆ ಅಂತ. ಐಎಸ್‌ಬಿಎನ್ ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಕೊಡುವಂಥದ್ದು. ಅದಕ್ಕೆ ಶುಲ್ಕವಿಲ್ಲ. ನಾವು ಯಾರಿಂದಲೂ ಒಂದು ಪೈಸೆ ತಗೊಂಡಿಲ್ಲ.

ಈಗ ಎರಡನೇ ಬದಲಾವಣೆ. ಇದನ್ನು ಬರೆಯುವುದು ಕಷ್ಟ.

ಪ್ರಕಾಶಕರನ್ನು ಹುಡುಕಿಕೊಡಲು ನಾವು 2,500 ರೂಪಾಯಿ ಮುಂಗಡ ತಗೊಳ್ಳುತ್ತಿದ್ದೆವು. ಹಸ್ತಪ್ರತಿ ಹಿಡಿದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದೇವೆ, ಧಾರವಾಡಕ್ಕೂ ಓಡಾಡಿದ್ದೇವೆ. ದುಡ್ಡು ಅದಕ್ಕೇ ಖರ್ಚಾಯಿತು, ಸುಳ್ಳಲ್ಲ. ಆದರೆ ಪ್ರಕಾಶಕರು ಒಪ್ಪುವುದು ಅನುಮಾನ ಅಂತ ನಮಗೇ ಅನ್ನಿಸಿದ ಹಸ್ತಪ್ರತಿಗಳಿಗೂ ಆ ಹಣ ತಗೊಂಡೆವು. "ನೋಡೋಣ, ಪ್ರಯತ್ನ ಮಾಡೋಣ" ಅಂದೆವು. ಹಾಗೆ ಅನ್ನಬಾರದಿತ್ತು. ಹೊರದೇಶಗಳಲ್ಲಿ ಒಳ್ಳೆಯ ಸಾಹಿತ್ಯ ಏಜೆಂಟರು ಓದುವುದಕ್ಕೆ ಹಣ ಕೇಳುವುದಿಲ್ಲ. ಪುಸ್ತಕ ಒಪ್ಪಿಗೆಯಾಗಿ ಲೇಖಕರಿಗೆ ದುಡ್ಡು ಬಂದರೆ ಅದರಲ್ಲಿ ಸಾಮಾನ್ಯವಾಗಿ ಶೇ 15 ತಗೊಳ್ಳುತ್ತಾರೆ. ನಾವೂ ಇನ್ನು ಹಾಗೆಯೇ. 200 ರೂಪಾಯಿಯ ಪುಸ್ತಕಕ್ಕೆ ಶೇ 10 ಗೌರವಧನ ಅಂದರೆ ಪ್ರತಿಗೆ 20 ರೂಪಾಯಿ. ಸಾವಿರ ಪ್ರತಿ ಮಾರಿದರೆ ನಿಮಗೆ 20,000, ಅದರಲ್ಲಿ ನಮಗೆ 3,000. ಪುಸ್ತಕ ಮಾರದಿದ್ದರೆ ನಮಗೆ ಏನೂ ಇಲ್ಲ. ಹಾಗಾಗಿ ವರ್ಷಕ್ಕೆ ಕೆಲವೇ ಹಸ್ತಪ್ರತಿ ಒಯ್ಯುತ್ತೇವೆ. ನಿಮ್ಮದನ್ನು ಒಯ್ಯಲಾಗದಿದ್ದರೆ ಒಂದು ತಿಂಗಳೊಳಗೆ ಯಾಕೆ ಅಂತ ಬರೆದು ತಿಳಿಸುತ್ತೇವೆ. ನಮ್ಮಲ್ಲಿ ತಿದ್ದಿಸಿದ್ದಕ್ಕೇ ಪ್ರಕಾಶಕರು ಸಿಗುತ್ತಾರೆ ಅಂತ ಇನ್ನು ಯಾರಿಗೂ ಹೇಳುವುದಿಲ್ಲ.

ಪ್ರಕಾಶಕರ ಕರಾರು ಓದಿ ಹೇಳುವುದು ಮೊದಲಿನ ಹಾಗೇ ಪುಕ್ಕಟೆ. ಅಚ್ಚಾಗುವ ಖುಷಿಯಲ್ಲಿ ಓದದೆ ಸಹಿ ಹಾಕಬೇಡಿ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದೇ ಇದ್ದರೆ ಐದು ವರ್ಷ ಅಂತ ಲೆಕ್ಕ. "ಸರ್ವಹಕ್ಕುಗಳೂ ಶಾಶ್ವತವಾಗಿ" ಅನ್ನುವ ಸಾಲು ಕಂಡರೆ ಅಲ್ಲೇ ಪೆನ್ನು ಕೆಳಗಿಟ್ಟು ನಮಗೆ ಫೋನ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ.

ಈ ತಿಂಗಳ ಕೊನೆಯವರೆಗೆ ನಮ್ಮ ಕೈಗೆ ಬಂದ ಹಸ್ತಪ್ರತಿಗಳಿಗೆಲ್ಲ ಹಳೆಯ ದರವೇ. ವಿದ್ಯಾರ್ಥಿಗಳ ಮೊದಲ ಪುಸ್ತಕಕ್ಕೆ ಮೂರು ಕಂತಿನಲ್ಲಿ ಕೊಡಬಹುದು. ಸಿಟ್ಟಿನಲ್ಲಿ ಹಸ್ತಪ್ರತಿ ಒಯ್ದ ಇಬ್ಬರಿಗೂ ಹಳೆಯ ದರವೇ, ಬರ್ರಿ.

ಮುಂಗಡ ಕೊಟ್ಟು ಪ್ರಕಾಶಕರು ಸಿಗದೇ ಉಳಿದವರಿಗೆ ಆ 2,500 ಪೂರ್ತಿ ವಾಪಸ್ ಕೊಡುತ್ತೇವೆ. ಒಂದೇ ಸಲಕ್ಕೆ ಎಲ್ಲರಿಗೂ ಕೊಡುವ ಶಕ್ತಿ ಇಲ್ಲ, ಹಳಬರಿಂದ ಶುರು ಮಾಡುತ್ತೇವೆ. ರಸೀದಿ ಕಳೆದಿದ್ದರೆ ಚಿಂತೆ ಬೇಡ, ಕೆಂಪು ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರು, ತಾರೀಖು ನನ್ನ ಕೈಯಲ್ಲೇ ಬರೆದದ್ದಿದೆ. ಶನಿವಾರ ಮಧ್ಯಾಹ್ನ ಮೂರರ ಮೇಲೆ ನಾನು ಅಂಗಡಿಯಲ್ಲೇ ಇರುತ್ತೇನೆ.