ಲೈಡನ್‌ಗೆ ಹೊರಟಿರುವ ಪುಟ್ಟಿಗೆ

ಪುಟ್ಟಿ,

ನಿನಗೆ ಸೀಟು ಸಿಕ್ಕಿತು ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಖುಷಿಗೆ ನನಗೆ ಮಾತೇ ಹೊರಡಲಿಲ್ಲ. ಚಿಕ್ಕಬಳ್ಳಾಪುರದ ಕೋರ್ಟಿನಲ್ಲೇ ತಲೆ ನೆರೆಸಿಕೊಂಡವನು ನಾನು, ನೀನು ಅಂತರರಾಷ್ಟ್ರೀಯ ಕಾನೂನು ಓದಲು ನೆದರ್ಲೆಂಡ್ಸ್‌ಗೇ ಹೊರಟಿದ್ದೀಯ.

ಅಲ್ಲಿ ಎಲ್‌ಎಲ್‌ಎಂ ಒಂದೇ ವರ್ಷ ಅಲ್ವಾ? ರೂಮು ಹುಡುಕಿ, ಚಳಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಅರ್ಧ ಕಳೆದಿರುತ್ತದೆ. ಅದಕ್ಕೇ ಪ್ರಬಂಧದ ವಿಷಯ ಇಲ್ಲಿಂದಲೇ ಹಿಡಿದುಕೊಂಡು ಹೋಗು. ನನ್ನ ಕೇಳಿದರೆ, ನೀರಿನ ಒಪ್ಪಂದಗಳು. ನಮ್ಮ ಪಿನಾಕಿನಿ, ಪಾಲಾರ್ ನೀರಿನ ಮಾತು ಬಂದಾಗಲೆಲ್ಲ 1892ರ ಮೈಸೂರು-ಮದ್ರಾಸ್ ಒಪ್ಪಂದ ಎದ್ದು ಬರುತ್ತದೆ. ಆ ಸಂಸ್ಥಾನವೂ ಇಲ್ಲ, ಆ ಪ್ರೆಸಿಡೆನ್ಸಿಯೂ ಇಲ್ಲ, ಕಾಗದ ಮಾತ್ರ ಇನ್ನೂ ಕೋರ್ಟಿನಲ್ಲಿದೆ. ಡ್ಯಾನ್ಯೂಬ್ ನದಿಯಲ್ಲೂ ಇಂಥದೇ ಗಂಟು ಬಿದ್ದಿತ್ತು. ಹಂಗೇರಿ, ಚೆಕೊಸ್ಲೊವಾಕಿಯಾ 1977ರಲ್ಲಿ ಅಣೆಕಟ್ಟಿಗೆ ಒಪ್ಪಂದ ಮಾಡಿಕೊಂಡವು, ಆಮೇಲೆ ಹಂಗೇರಿ ಕೆಲಸ ನಿಲ್ಲಿಸಿತು, ಚೆಕೊಸ್ಲೊವಾಕಿಯಾ ಒಡೆದು ಎರಡು ದೇಶವಾಯಿತು. ಆದರೂ ಒಪ್ಪಂದ ಬಿದ್ದುಹೋಗಿಲ್ಲ, ಕೂತು ಮಾತಾಡಿಕೊಳ್ಳಿ ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1997ರಲ್ಲಿ ಹೇಳಿತು. ವಿಮಾನ ಹತ್ತುವ ಮೊದಲೇ ಆ ತೀರ್ಪು ಪೂರ್ತಿ ಓದು.

ಪೂರ್ತಿ ಅಂದೆ, ಸಾರಾಂಶ ಅಲ್ಲ. ನಾನು ಜೂನಿಯರ್ ಆಗಿದ್ದಾಗ ಒಂದು ಕೆರೆ ಕೇಸಿನಲ್ಲಿ ಬರೀ ಟಿಪ್ಪಣಿ ನಂಬಿ ವಾದ ಮಾಡಿದ್ದೆ. ಎದುರು ವಕೀಲರು ಸುಮ್ನೆ ಎದ್ದು ನಿಂತು ಹಳೇ ಕರಾರುಪತ್ರದ ಕೊನೇ ಹಾಳೆ ತಿರುಗಿಸಿದರು. ಅಂಚಿನಲ್ಲಿ ಸಣ್ಣ ಅಕ್ಷರದ ಒಂದು ಷರಾ ಇತ್ತು: ತೂಬಿನ ನೀರು ಕಾರ್ತಿಕದವರೆಗೆ ಮಾತ್ರ. ಅಷ್ಟೇ, ನಮ್ಮ ರೈತರು ಸೋತರು. ಅವರ ಮುಖ ನನಗಿನ್ನೂ ಮರೆತಿಲ್ಲ. ದೇಶಗಳ ನಡುವಿನ ಒಪ್ಪಂದಗಳ ನಿಯಮಗಳಿರುವ, ನೀನು ಓದಲಿರುವ 1969ರ ವಿಯೆನ್ನಾ ಒಪ್ಪಂದದ 31ನೇ ವಿಧಿ ಹೇಳುವುದೂ ಇದನ್ನೇ: ಮೊದಲು ಪದದ ಸಹಜ ಅರ್ಥ ನೋಡು, ಅದರ ಜೊತೆಗೇ ಸಂದರ್ಭ, ಉದ್ದೇಶ ನೋಡು.

ಹೇಗ್‌ನ ಆ ನ್ಯಾಯಾಲಯದ ಅಧಿಕೃತ ಭಾಷೆ ಎರಡು, ಇಂಗ್ಲಿಷ್ ಮತ್ತು ಫ್ರೆಂಚ್. ಓದಿ ಅರ್ಥವಾಗುವಷ್ಟಾದರೂ ಫ್ರೆಂಚ್ ಕಲಿ. ಲೈಡನ್‌ನಿಂದ ಹೇಗ್‌ಗೆ ರೈಲಿನಲ್ಲಿ ಬಹಳ ಹತ್ತಿರ, ವಿಚಾರಣೆ ಇರುವ ದಿನ ಹೋಗಿ ಕೂತು ಕೇಳು.

ದುಡ್ಡಿನ ವಿಷಯ. ಎಲ್‌ಎಲ್‌ಎಂ ಮಾಡಿದ ಮಾತ್ರಕ್ಕೆ ಅಲ್ಲಿ ವಕೀಲಿಕೆ ಮಾಡಲು ಬಿಡುವುದಿಲ್ಲ. ಅಲ್ಲೇ ದುಡಿದು ತೀರಿಸುತ್ತೇನೆ ಅಂತ ಜಾಸ್ತಿ ಸಾಲ ಮಾಡಬೇಡ. ಮೊದಲು ಸ್ಕಾಲರ್‌ಶಿಪ್‌ಗಳಿಗೆ ಅರ್ಜಿ ಹಾಕು. ಉಳಿದದ್ದಕ್ಕೆ ನಾನಿದ್ದೇನೆ, ನಿಮ್ಮಪ್ಪನಿಗೆ ಜಮೀನಿನ ಮೇಲೆ ಕೈ ಹಾಕಲು ಬಿಡಬೇಡ.

1892ರ ಒಪ್ಪಂದದ ಜೆರಾಕ್ಸ್ ತೆಗೆಸಿ ಇಟ್ಟಿದ್ದೇನೆ, ಕೊನೇ ಹಾಳೆಯೂ ಸೇರಿ. ಭಾನುವಾರ ಊಟಕ್ಕೆ ಬಾ, ಕೊಡುತ್ತೇನೆ.

ನಿನ್ನ ದೊಡ್ಡಪ್ಪ